ಬೈಕಿಗೆ ಹೊಸ ಬಣ್ಣ: ಮೊದಲ ಗೀರು ಬಿದ್ದ ಮೇಲೆ ಏನು?

ಬೈಕಿಗೆ ಬೇರೆ ಬಣ್ಣ ಹೊಡೆಸಬೇಕು ಅಂತ ಆಸೆ ಹುಟ್ಟಿದವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಫೋನ್ ಹಿಡಿದುಕೊಂಡು ಫೋಟೊ ನೋಡುತ್ತಾ ಕೂರುವುದು. ನಾನೂ ಈಗ ಅದೇ ಕೆಲಸದಲ್ಲಿದ್ದೇನೆ. ನನ್ನ ಗಾಡಿಯ ಟ್ಯಾಂಕ್ ಬಿಸಿಲಿಗೆ ಬಿಳಚಿಕೊಂಡಿದೆ, ಮೊಣಕಾಲು ತಾಗುವ ಕಡೆ ಹೊಳಪೇ ಹೋಗಿದೆ. ಎಂಜಿನ್‌ಗೆ ಏನೂ ಆಗಿಲ್ಲ, ಗಾಡಿ ಮಾರುವ ಯೋಚನೆಯೂ ಇಲ್ಲ. ಹಾಗಾಗಿ ಬಣ್ಣದ ಹುಚ್ಚು ಹಿಡಿದಿದೆ.

ಈ ಫೋಟೊಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಹೆಚ್ಚಿನವು ಬಣ್ಣ ಒಣಗಿದ ವಾರದಲ್ಲೇ ತೆಗೆದವು. ಒಳ್ಳೆ ಬೆಳಕು, ಒಂದು ಚೂರು ಧೂಳಿಲ್ಲ, ಗಾಡಿ ಇನ್ನೂ ರಸ್ತೆ ಮುಖ ನೋಡಿಲ್ಲ. ಅದೇ ಗಾಡಿ ಎರಡು ವರ್ಷ ಓಡಿದ ಮೇಲೆ ಹೇಗಿದೆ ಅಂತ ಯಾರೂ ತೋರಿಸುವುದಿಲ್ಲ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಯಾವ ಬಣ್ಣ ಅನ್ನುವುದನ್ನು ಆಮೇಲೆ ನೋಡೋಣ. ಆ ಬಣ್ಣದ ಮೇಲೆ ಗೀರು ಬಿದ್ದಾಗ ಸರಿ ಮಾಡಿಸಲು ಆಗುತ್ತದಾ, ಇಲ್ಲವಾ? ಇದಕ್ಕೆ ಉತ್ತರ ಸಿಕ್ಕ ಮೇಲೆ ಬಣ್ಣದ ಪುಸ್ತಕ ತೆರೆಯಿರಿ.

ನಮ್ಮ ಕಣ್ಣಿಗೆ ಕಾಣುವುದು ಮೇಲಿನ ಬಣ್ಣ. ಅದರ ಕೆಳಗೆ ಲೋಹಕ್ಕೆ ತುಕ್ಕು ಹಿಡಿಯದಂತೆ ಇಪಾಕ್ಸಿ ಪ್ರೈಮರ್ ಇರುತ್ತದೆ. ತಗ್ಗಿದ್ದ ಕಡೆ ಪುಟ್ಟಿ, ಅದನ್ನು ಸಮ ಮಾಡಲು ಸರ್ಫೇಸರ್. ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್. ಹೊಳಪು ಕೊಡುವುದು, ಬಿಸಿಲು ತಡೆಯುವುದು ಎಲ್ಲ ಈ ಕ್ಲಿಯರ್‌ನ ಕೆಲಸ. ಕಾರ್ಖಾನೆಯಿಂದ ಬಂದ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಎರಡು ತಲೆಕೂದಲಿನಷ್ಟು, ಅಷ್ಟೇ. ಹಳೆಯದನ್ನು ಕೆರೆಯದೆ ಅದರ ಮೇಲೇ ಹೊಡೆಯುತ್ತಾ ಹೋದರೆ ದಪ್ಪ ಜಾಸ್ತಿಯಾಗುತ್ತದೆ, ಆದರೆ ಬಲ ಹೆಚ್ಚುವುದಿಲ್ಲ. ಮುಂದಿನ ಚಕ್ರದಿಂದ ಒಂದು ಕಲ್ಲು ಸಿಡಿದರೆ ಸಾಕು, ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ.

ಒಳ್ಳೆ ಪೇಂಟರ್ ಕೆಲಸ ಮಾಡುವಾಗ ಹತ್ತಿರ ನಿಂತು ನೋಡಿ. ಸ್ಪ್ರೇ ಗನ್ ಹಿಡಿಯುವ ಹೊತ್ತು ತೀರಾ ಕಮ್ಮಿ. ಉಳಿದ ಹೊತ್ತೆಲ್ಲ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು), ಬಕೆಟ್ ನೀರು, ಬಟ್ಟೆ. ಸರ್ಫೇಸರ್ ಮೇಲೆ ತೆಳುವಾಗಿ ಕಪ್ಪು ಪುಡಿಯನ್ನೋ ಕಪ್ಪು ಬಣ್ಣವನ್ನೋ ಹಾಯಿಸಿ, 400 ನಂಬರ್ ಪೇಪರ್‌ನಲ್ಲಿ ಉಜ್ಜುತ್ತಾರೆ. ಉಬ್ಬಿದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿದ ಕಡೆ ಹಾಗೇ ಉಳಿಯುತ್ತದೆ. ನಮಗೆ ನುಣ್ಣಗೆ ಕಂಡಿದ್ದ ಟ್ಯಾಂಕಿನ ಮೇಲೆ ಎಷ್ಟು ಹಳ್ಳ ಇದ್ದವು ಅಂತ ಆಗ ಗೊತ್ತಾಗುವುದು. ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು, ಆಮೇಲೆ 600. ನಡುನಡುವೆ ಕಣ್ಣು ಮುಚ್ಚಿ ಅಂಗೈ ಸವರುತ್ತಾರೆ. ಕಣ್ಣಿಗೆ ಸಿಗದ ಅಲೆ ಅಂಗೈಗೆ ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲಸ ಕೆಡಬಹುದು. ನೀವು ಟ್ಯಾಂಕ್ ಹೊಳೆಯಲಿ ಅಂತ ಸಿಲಿಕೋನ್ ಇರುವ ಪಾಲಿಶ್ ತಿಕ್ಕುತ್ತಿದ್ದಿರಿ ಅಂದುಕೊಳ್ಳಿ. ಅದು ಒಂದು ಚೂರು ಉಳಿದಿದ್ದರೂ ಹೊಸ ಬಣ್ಣ ಅಲ್ಲಿ ನಿಲ್ಲದೆ ಸರಿದು ಸಣ್ಣ ಸಣ್ಣ ಗುಂಡಿ ಬೀಳುತ್ತದೆ. ಪೇಂಟರ್‌ಗಳು ಇದಕ್ಕೆ ಫಿಶ್ ಐ ಅನ್ನುತ್ತಾರೆ. ಹಾಗಾಗಿ ಗಾಡಿ ಕೊಡುವಾಗ ಮುಂಚೆ ಏನೇನು ತಿಕ್ಕಿದ್ದೀರಿ ಅಂತ ಹೇಳಿಬಿಡುವುದು ಒಳ್ಳೆಯದು. ಜೊತೆಗೆ ಹಳೇ ಬಣ್ಣ ಎಲ್ಲಿವರೆಗೆ ತೆಗೀತೀರಿ, ಕೆಳಗೆ ಯಾವ ಪ್ರೈಮರ್ ಹಾಕ್ತೀರಿ ಅಂತ ಕೇಳಿ. "ಅದೆಲ್ಲ ನಮಗೆ ಬಿಡಿ ಸಾರ್, ಕಲರ್ ಹೇಳಿ" ಅಂದರೆ, ನಮಸ್ಕಾರ ಹೇಳಿ ಎದ್ದು ಬನ್ನಿ.

ಟ್ಯಾಂಕಿನ ಪಾಡು ಕಾರಿನ ಬಾಗಿಲಿಗೆ ಇಲ್ಲ. ಜಾಕೆಟ್ಟಿನ ಜಿಪ್ ಉಜ್ಜುತ್ತದೆ, ಬೆಲ್ಟ್ ಬಕಲ್ ಉಜ್ಜುತ್ತದೆ, ಕೀ ಗೊಂಚಲು ಅಲ್ಲಾಡುತ್ತಾ ಹೊಡೆಯುತ್ತದೆ. ಕೆಳಗಿನಿಂದ ಎಂಜಿನ್ ಕಾವು, ಮೇಲಿನಿಂದ ಬಿಸಿಲು. ಇವೆಲ್ಲಕ್ಕಿಂತ ಕೆಟ್ಟದ್ದು ಪೆಟ್ರೋಲ್. ತುಂಬಿಸುವಾಗ ನಾಲ್ಕು ಹನಿ ಚೆಲ್ಲದೆ ಇರುವುದಿಲ್ಲ. ಮಾಮೂಲಿ ಸ್ಪ್ರೇ ಡಬ್ಬಿಯ ಕ್ಲಿಯರ್ ಪೆಟ್ರೋಲ್ ತಾಗಿದರೆ ಮೆತ್ತಗಾಗಿ ಕಲೆಯಾಗುತ್ತದೆ, ಕೆಲವೊಮ್ಮೆ ಸುಕ್ಕಾಗಿ ಎದ್ದೇ ಬರುತ್ತದೆ. ಟ್ಯಾಂಕಿಗೆ ಹಾರ್ಡನರ್, ಅಂದರೆ ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವ ಟೂ-ಕೆ ಕ್ಲಿಯರ್ ಬೇಕೇ ಬೇಕು. ಅದೂ ಮುಟ್ಟಿದರೆ ಒಣಗಿದ ಹಾಗೆ ಅನ್ನಿಸಿದರೂ ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಒಂದು ತಿಂಗಳು ವ್ಯಾಕ್ಸ್ ಹಚ್ಚಬೇಡಿ ಅನ್ನುವುದು ಇದಕ್ಕೇ.

ಈ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದರ ಮಂಜು ಉಸಿರಿನಲ್ಲಿ ಹೋದರೆ ಅಸ್ತಮಾ ಬರಬಹುದು, ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ತುಸು ತಾಗಿದರೂ ಉಬ್ಬಸ. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಇದಕ್ಕೆ ಸಾಲದು. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಹಾಕಿಕೊಂಡೇ ಹೊಡೆಯಬೇಕು. ಮನೆ ಹಿಂದೆ ನಾನೇ ಹೊಡೀತೀನಿ ಅನ್ನುವ ಉತ್ಸಾಹಿಗಳಿಗೆ ನನ್ನ ಮಾತು: ಕೆರೆಯುವುದು, ಉಜ್ಜುವುದು ನೀವು ಮಾಡಿ, ಕ್ಲಿಯರ್ ಹೊಡೆಯುವುದನ್ನು ಸ್ಪ್ರೇ ಬೂತ್ (ಬಣ್ಣ ಹೊಡೆಯಲೆಂದೇ ಮಾಡಿದ ಕೋಣೆ) ಇರುವವರಿಗೆ ಬಿಡಿ. ಖಾಲಿ ಟ್ಯಾಂಕ್ ಅಂತ ಸಲಿಗೆಯೂ ಬೇಡ. ಪೆಟ್ರೋಲ್ ಇಲ್ಲದಿದ್ದರೂ ಅದರ ಆವಿ ಇರುತ್ತದೆ, ಕಿಡಿ ತಾಗಿದರೆ ಹತ್ತಿಕೊಳ್ಳುವುದು ಆ ಆವಿಯೇ.

ಈಗ ಬಣ್ಣಗಳ ವಿಚಾರ. ಸಾದಾ ಬಣ್ಣ, ಅಂದರೆ ಮಿಂಚಿಲ್ಲದ ಕಪ್ಪು, ಬಿಳಿ, ಹಸಿರು, ಇದಕ್ಕೆ ಗೀರು ಬಿದ್ದರೆ ಬದುಕಿಕೊಳ್ಳಬಹುದು. ಅದೇ ಬಣ್ಣ ಕಲಸಿ ಆ ಒಂದು ಭಾಗಕ್ಕೆ ಹೊಡೆದರೆ ಉಳಿದದ್ದಕ್ಕೆ ಹೊಂದುತ್ತದೆ. ಸಣ್ಣ ಚಕ್ಕೆ ಎದ್ದಿದ್ದರೆ ತೆಳು ಕುಂಚದಲ್ಲಿ ನೀವೇ ಮುಚ್ಚಬಹುದು. ಮೆಟಾಲಿಕ್ ಬಂದಾಗ ಕಷ್ಟ ಶುರು. ಅದರಲ್ಲಿರುವುದು ಅಲ್ಯೂಮಿನಿಯಂ ಚೂರುಗಳು. ಅವು ಹೇಗೆ ಮಲಗುತ್ತವೆ ಅನ್ನುವುದು ಗನ್ ಎಷ್ಟು ದೂರ ಇತ್ತು, ಗಾಳಿಯ ಒತ್ತಡ ಎಷ್ಟಿತ್ತು, ಬಣ್ಣ ಎಷ್ಟು ಹಸಿಯಾಗಿ ಬಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಅದೇ ಡಬ್ಬಿ, ಅದೇ ಗನ್, ಕೈ ಮಾತ್ರ ಬೇರೆ ಆದರೂ ಬಣ್ಣ ಬೇರೆ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಂಡದ್ದು ಬಿಸಿಲಿಗೆ ತಂದಾಗ ಎರಡು ಥರ ಕಾಣುವುದೂ ಉಂಟು.

ಕ್ಯಾಂಡಿ ಇದೆಯಲ್ಲ, ಅದು ಇನ್ನೊಂದು ಲೋಕ. ಕೆಳಗೆ ಬೆಳ್ಳಿಯೋ ಬಂಗಾರವೋ, ಅದರ ಮೇಲೆ ಗಾಜಿನಂಥ ಪಾರದರ್ಶಕ ಬಣ್ಣ. ಬೆಳಕು ಒಳಗೆ ಹೋಗಿ, ತಳಕ್ಕೆ ಬಡಿದು ವಾಪಸ್ ಬರುವಾಗ ಬಣ್ಣಕ್ಕೆ ಆಳ ಬರುತ್ತದೆ. ಜಾನ್ ಕೋಸ್ಮೋಸ್ಕಿ 1956ರಲ್ಲಿ ಶುರು ಮಾಡಿದ ಹೌಸ್ ಆಫ್ ಕಲರ್ ಕಂಪನಿ ಹೆಸರು ಮಾಡಿದ್ದೇ ಇಂಥ ಬಣ್ಣಗಳಿಂದ. ನೋಡಲು ಎರಡು ಮಾತಿಲ್ಲ, ಬೆರಗಾಗುತ್ತದೆ. ಆದರೆ ಪ್ರತಿ ಕೋಟ್‌ಗೂ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಟ್ಯಾಂಕಿಗೆ ಐದು ಕೋಟ್ ಬಿದ್ದು ಮಡ್‌ಗಾರ್ಡ್‌ಗೆ ನಾಲ್ಕೇ ಬಿದ್ದರೆ ಎರಡೂ ಬೇರೆ ಗಾಡಿಯವು ಅನ್ನಿಸುತ್ತವೆ. ಗೀರು ಬಿದ್ದ ಜಾಗಕ್ಕೆ ಮಾತ್ರ ಹೊಡೆದು ಸರಿ ಮಾಡುವುದು ಬಹುತೇಕ ಆಗದ ಮಾತು, ಆ ಭಾಗವನ್ನು ಮೊದಲಿಂದ ಮಾಡಬೇಕು. ಸಾಲದ್ದಕ್ಕೆ ಬಿಸಿಲಿಗೆ ಬೇಗ ಮಾಸುತ್ತದೆ. ಪ್ರದರ್ಶನಕ್ಕೆ ಇಡುವ ಗಾಡಿಗೆ ಕ್ಯಾಂಡಿ ಹಾಕಿಸಿ, ಕೈ ಮುಗೀತೀನಿ. ದಿನಾ ಕೆಲಸಕ್ಕೆ ಹೋಗುವ ಗಾಡಿಗೆ ಬೇಡ.

ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಬಗ್ಗೆ ಕೇಳುವವರು ಜಾಸ್ತಿ. ಧೂಳು ಕಾಣಲ್ಲ, ಮೇಂಟೆನ್ಸ್ ಕಮ್ಮಿ ಅನ್ನುವ ನಂಬಿಕೆ ಇದೆ. ನಿಜ ಇದಕ್ಕೆ ಉಲ್ಟಾ. ಹೊಳೆಯುವ ಕ್ಲಿಯರ್ ಮೇಲೆ ಸಣ್ಣ ಗೀರು ಬಿದ್ದರೆ 2000 ನಂಬರ್ ಪೇಪರ್, ಕಾಂಪೌಂಡ್ (ಹೊಳಪು ತರುವ ಪೇಸ್ಟ್) ಹಾಕಿ ಉಜ್ಜಿ ತೆಗೆಯಬಹುದು. ಮ್ಯಾಟ್ ಮೇಲೆ ಉಜ್ಜಿದರೆ ಆ ಜಾಗ ಹೊಳೆಯತೊಡಗುತ್ತದೆ, ಆಮೇಲೆ ಆ ಹೊಳಪನ್ನು ತೆಗೆಯಲು ದಾರಿಯೇ ಇಲ್ಲ. ತೊಡೆ ತಾಗಿ ತಾಗಿಯೇ ಟ್ಯಾಂಕಿನ ಎರಡು ಕಡೆ ಮಿಂಚು ಬಂದಿರುವ ಮ್ಯಾಟ್ ಕಪ್ಪು ಗಾಡಿಗಳನ್ನು ನೀವೂ ನೋಡಿರುತ್ತೀರಿ ಅಲ್ವಾ?

ಕೈಕೆಲಸದ ಮೋಹವೇ ತಪ್ಪು ಅಂತ ನಾನು ಹೇಳುತ್ತಿಲ್ಲ. 1973ರಲ್ಲಿ ಬಂದ ಬಿಎಂಡಬ್ಲ್ಯೂ ಆರ್90ಎಸ್ ಬೈಕ್ ನೋಡಿ. ಟ್ಯಾಂಕ್ ಮೇಲೆ ಹೊಗೆಯಂತೆ ಕರಗುವ ಬೂದು ಬಣ್ಣ, ಅದನ್ನು ಕೈಯಿಂದಲೇ ಹೊಡೆಯುತ್ತಿದ್ದರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ನಮಗೆಲ್ಲ ಗೊತ್ತಿರುವ ಬುಲೆಟ್ ಟ್ಯಾಂಕಿನ ಬಂಗಾರದ ಗೆರೆಯೂ ಕೈಯಲ್ಲೇ ಎಳೆದದ್ದು. ಆ ಗೆರೆ ಎಳೆಯುವವರ ಕೈ ನೋಡಬೇಕು. ಉದ್ದ ಕೂದಲಿನ ಕುಂಚ, ಬಣ್ಣದಲ್ಲಿ ಅದ್ದಿ ಕಾರ್ಡಿನ ಮೇಲೆ ಎರಡು ಸಲ ಚಪ್ಪಟೆ ಮಾಡಿಕೊಳ್ಳುತ್ತಾರೆ. ಕಿರುಬೆರಳು ಟ್ಯಾಂಕಿನ ಮೇಲೆ ಊರಿ, ತೋಳನ್ನೇ ಸರಿಸುತ್ತಾ ಒಂದೇ ಎಳೆತ. ಕುಂಚ ನೋಡಲ್ಲ, ಗೆರೆ ಎಲ್ಲಿಗೆ ಹೋಗಬೇಕೋ ಅಲ್ಲಿ ಕಣ್ಣು. ಸ್ಟಿಕ್ಕರ್ ಎಷ್ಟೇ ನೇರ ಇದ್ದರೂ ಟ್ಯಾಂಕಿನ ತಿರುವಿನಲ್ಲಿ ಗೆರೆ ತುಸು ದಪ್ಪವಾಗಿ ಮತ್ತೆ ತೆಳುವಾಗುವ ಆ ಚೆಂದ ಅದಕ್ಕೆ ಬರುವುದಿಲ್ಲ.

ಬಣ್ಣ ಬೇಡ, ವಿನೈಲ್ ಅನ್ನುವ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಹೇಗೆ? ಬೇಸರವಾದಾಗ ಕಿತ್ತು ಹಾಕಬಹುದು, ಕೆಳಗಿನ ಬಣ್ಣ ಉಳಿಯುತ್ತದೆ, ಇದು ದೊಡ್ಡ ಲಾಭ. ಆದರೆ ಟ್ಯಾಂಕ್ ಎಲ್ಲ ಕಡೆಗೂ ಬಾಗಿರುವ ವಸ್ತು. ಹೀಟ್ ಗನ್ ಹಿಡಿದು ಎಳೆದು ಅಂಟಿಸಿದ ಹಾಳೆ ಅಂಚಿನಲ್ಲಿ, ಪೆಟ್ರೋಲ್ ಮುಚ್ಚಳದ ಸುತ್ತ ಮೊದಲು ಏಳುತ್ತದೆ. ಕೆಳಗೆ ಅರೆಬರೆ ರೀಪೇಂಟ್ ಇದ್ದರೆ ಕೀಳುವಾಗ ಅದೂ ಜೊತೆಗೆ ಬಂದುಬಿಡುತ್ತದೆ. ಸುಲಿದು ತೆಗೆಯುವ ರಬ್ಬರ್ ಪೇಂಟಂತೂ ಟ್ಯಾಂಕಿಗೆ ಬೇಡವೇ ಬೇಡ, ಪೆಟ್ರೋಲ್‌ಗೆ ಕರಗುತ್ತದೆ.

ಚಾಸಿಸ್, ಚಕ್ರಕ್ಕೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಾಕಿ ಬೇಯಿಸುವುದು) ಮಾಡಿಸುವವರು ಎರಡು ಮೂರು ವಿಷಯ ನೆನಪಿಡಿ. ಪುಡಿಯನ್ನು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ, ಗಟ್ಟಿಮುಟ್ಟಾದ ಕೆಲಸ. ಆದರೆ ಪದರ ದಪ್ಪ. ಚಾಸಿಸ್ ನಂಬರ್ ಒಳಗೆ ತುಂಬಿಕೊಂಡು ಓದಲು ಬಾರದಂತಾದರೆ ಮುಂದೆ ತಲೆನೋವು. ಅರ್ತಿಂಗ್ ವಯರ್ ಕೂರುವ ಜಾಗ, ಬೋಲ್ಟ್ ಕೂರುವ ಮುಖ, ಬೋಲ್ಟ್ ತಿರುಗುವ ಥ್ರೆಡ್ ಎಲ್ಲಕ್ಕೂ ಪುಡಿ ತಾಗದಂತೆ ಟೇಪ್ ಹಾಕಿಸಬೇಕು. ಇಲ್ಲದಿದ್ದರೆ ಬೋಲ್ಟ್ ಕೆಳಗಿನ ಬಣ್ಣ ಅಮುಕಿಕೊಂಡು ಬಿಗಿ ಸಡಿಲವಾಗುತ್ತದೆ. ಹಾಗೇ ಗಾಡಿಗೆ ಮ್ಯಾಚಿಂಗ್ ಅಂತ ಹೆಲ್ಮೆಟ್‌ಗೂ ಹೊಡೆಸಲು ಹೋಗಬೇಡಿ. ಥಿನ್ನರ್ ತಾಗಿ ಪಾಲಿಕಾರ್ಬೊನೇಟ್ ಚಿಪ್ಪು ದುರ್ಬಲವಾಗಬಹುದು, ಹೊರಗೆ ಏನೂ ಕಾಣುವುದಿಲ್ಲ.

ಕಾಗದಪತ್ರದ ವಿಷಯ: ನೋಂದಣಿಯಲ್ಲಿ ಬಣ್ಣ ಬರೆದಿದ್ದರೆ ಬದಲಾವಣೆ ತಿಳಿಸಿ, ವಿಮೆಯವರಿಗೂ ಹೇಳಿ. ಬಣ್ಣ ಹೊಡೆಯುವ ಮುಂಚೆಯೇ ಕೇಳಿಕೊಳ್ಳಿ.

ಮಾರುವಾಗ ಬೆಲೆ ಬೀಳುತ್ತದಾ? ಸಾಮಾನ್ಯವಾಗಿ ಹೌದು. ನಿಮಗೆ ಪ್ರಾಣ ಆಗಿರುವ ಬಣ್ಣ ಕೊಳ್ಳುವವನಿಗೆ ಅನುಮಾನ. ಗಾಡಿ ಬಿದ್ದು ಎದ್ದದ್ದನ್ನು ಮುಚ್ಚಿದ್ದಾರಾ ಅಂತ ಪುಟ್ಟಿ ಹುಡುಕುತ್ತಾನೆ. ಹಳೆ ಗಾಡಿ ಸಂಗ್ರಹಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ. ಗೀರು, ಮಾಸಲು ಇದ್ದರೂ ಕಾರ್ಖಾನೆಯ ಬಣ್ಣಕ್ಕೇ ಅವರ ಮರ್ಯಾದೆ. ಒಮ್ಮೆ ಕೆರೆದ ಮೇಲೆ ಆ ಬಣ್ಣ ವಾಪಸ್ ಬರುವುದಿಲ್ಲ. ನಿಮ್ಮದು ಅಂಥ ಹಳೇ ಗಾಡಿಯಾಗಿದ್ದು ಬಣ್ಣ ಇನ್ನೂ ಅಲ್ಪಸ್ವಲ್ಪ ಉಳಿದಿದ್ದರೆ, ದಯವಿಟ್ಟು ಮುಟ್ಟಬೇಡಿ. ಕಾಂಪೌಂಡ್ ಹಾಕಿ ಒಮ್ಮೆ ಉಜ್ಜಿ ನೋಡಿ, ಎಷ್ಟೋ ಸಲ ಅರ್ಧ ಆಸೆ ಅಲ್ಲೇ ತೀರುತ್ತದೆ.

ನನ್ನ ತೀರ್ಮಾನ ಸದ್ಯಕ್ಕೆ ಹೀಗಿದೆ. ಗಾಡಿಯ ಮೂಲ ಟ್ಯಾಂಕ್, ಸೈಡ್ ಪ್ಯಾನೆಲ್ ಬಿಚ್ಚಿ ಬಟ್ಟೆ ಸುತ್ತಿ ಮೇಲಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಒಂದು ಹುಡುಕಿ, ಒಳಗೆ ತುಕ್ಕು ಇದೆಯಾ ಟಾರ್ಚ್ ಬಿಟ್ಟು ನೋಡಿ, ಅದಕ್ಕೆ ಸಾದಾ ಗಾಢ ಹಸಿರು ಹೊಡೆಸುವುದು. ಕಲಸಿದ ಬಣ್ಣದಲ್ಲಿ ಒಂದಿಷ್ಟು ಸಣ್ಣ ಬಾಟಲಿಯಲ್ಲಿ ತೆಗೆದಿಟ್ಟುಕೊಳ್ಳುವುದು, ಗೀರಿಗೆ ಬೇಕಾಗುತ್ತದೆ. ಕೈಗೆರೆ ಎರಡು ಬೇಕೇ ಬೇಕು. ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಗೆರೆಯನ್ನು ಕ್ಲಿಯರ್ ಕೆಳಗೆ ಹಾಕಿಸಿದರೆ ಸವೆಯುವುದಿಲ್ಲ, ಆದರೆ ಕೆಟ್ಟರೆ ಇಡೀ ಕ್ಲಿಯರ್ ಕೆರೆಯಬೇಕು. ಮೇಲೆ ಹಾಕಿಸಿದರೆ ಬೆರಳಿಗೆ ಸಿಗುತ್ತದೆ, ಒಂದಲ್ಲ ಒಂದು ದಿನ ಸವೆಯುತ್ತದೆ, ಆದರೆ ಅಳಿಸಿ ಮತ್ತೆ ಎಳೆಸಬಹುದು. ನನ್ನ ಮನಸ್ಸು ಮೇಲೆ ಹಾಕಿಸುವ ಕಡೆಗೇ ವಾಲುತ್ತಿದೆ. ಹಾಗೆ ಹಾಕಿಸಿಕೊಂಡು ಓಡಿಸುತ್ತಿರುವವರು ಯಾರಾದರೂ ಇದ್ದರೆ, ಮೊಣಕಾಲು ತಾಗುವ ಕಡೆ ಗೆರೆ ಎಷ್ಟು ದಿನ ತಡೆಯಿತು ಅಂತ ಹೇಳಿ.