ನಾಬು ಜೇಬಿನಲ್ಲಿ, ಜೀಪು ಬೀದಿಯಲ್ಲಿ

ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ತೀರ್ಥಹಳ್ಳಿ ಕಡೆಯ ನಮ್ಮ ಭಾವ ಬಟ್ಟೆ ಟಾಪಿನ ಜೀಪು ತಗೊಂಡರು. ಟಾಪು ಮಡಚಿ ಹಿಂದಕ್ಕೆ ಹಾಕಿದರೆ ತಲೆ ಮೇಲೆ ಬರೀ ಆಕಾಶ. ಸುಖ ಅಲ್ವಾ? ಆದರೆ ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮಳೆ ನಿಂತರೆ ಕೊಯ್ಲು, ಕೊಯ್ಲು ಮುಗಿದರೆ ಮಂಜು, ಮಂಜು ಹೋದರೆ ಧೂಳು. ಮೊದಲ ವರ್ಷ ಭಾವ ಟಾಪು ತೆಗೆದದ್ದು ಎರಡೇ ಸಲ. ಒಮ್ಮೆ ವಾಹನ ಪೂಜೆಗೆ, ಇನ್ನೊಮ್ಮೆ ಅಕ್ಕನ ಫೋಟೋಗೆ.

ಮೂರನೇ ಸಲ ತೆಗೆದವನು ಕಳ್ಳ.

ಶಿವಮೊಗ್ಗದಲ್ಲಿ ಒಂದು ಮದುವೆ. ಭಾವ ಛತ್ರದ ಪಕ್ಕದ ಓಣಿಯಲ್ಲಿ ಜೀಪು ನಿಲ್ಲಿಸಿ, ಎರಡೂ ಬಾಗಿಲಿಗೆ ಲಾಕ್ ಹಾಕಿ, ಒಮ್ಮೆ ಎಳೆದೂ ನೋಡಿ ಮಲಗಲು ಹೋದರು. ಬೆಳಗ್ಗೆ ನೋಡಿದರೆ ಟಾಪಿನಲ್ಲಿ ಎರಡು ಗೇಣು ಉದ್ದದ ಬ್ಲೇಡಿನ ಗೀಟು. ಒಳಗೆ ಗೇರ್ ನಾಬು ಇಲ್ಲ. ಬರೀ ಕಬ್ಬಿಣದ ಕಡ್ಡಿ ಬೋಳಾಗಿ ನಿಂತಿದೆ. ಎಂಟುನೂರು ರೂಪಾಯಿ ನಾಬಿಗಾಗಿ ಹತ್ತಾರು ಸಾವಿರದ ಟಾಪು ಹೋಯಿತು.

ಠಾಣೆಗೆ ಹೋದರು. ಅಲ್ಲಿ ಮೊದಲ ಪ್ರಶ್ನೆ, "ಗಾಡಿ ಅಲ್ಲಿ ಯಾಕೆ ನಿಲ್ಲಿಸಿದ್ರಿ?" ಎರಡನೆಯದು, "ಎಷ್ಟರ ಮಾಲು?" ಎಂಟುನೂರು ಅಂದ ಕೂಡಲೇ ಪೆನ್ನು ಕೆಳಗೆ ಬಂತು. ಅವರ ತಪ್ಪಲ್ಲ ಬಿಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ನೋಡಿ. ಮಾಲು 5,000 ರೂಪಾಯಿಗಿಂತ ಕಡಿಮೆ, ಕಳ್ಳ ಶಿಕ್ಷೆಗೆ ಹೊಸಬ, ಕದ್ದದ್ದನ್ನು ವಾಪಸ್ ಕೊಟ್ಟ ಅಂದರೆ ಅವನಿಗೆ ಸಮುದಾಯ ಸೇವೆ. ಅಂಥ ಸಣ್ಣ ಕಳವನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತೆಯೂ ಇಲ್ಲ. ಅಂದರೆ ಕಳ್ಳ ಸಮಾಜಸೇವೆ ಮಾಡಬೇಕಾದರೆ ಮೊದಲು ಸಿಗಬೇಕು. ಸಿಗಬೇಕಾದರೆ ಯಾರಾದರೂ ಹುಡುಕಬೇಕು. ದೂರಿಗೆ ಉತ್ತರವಾಗಿ ಭಾವನ ಕೈಗೆ ಠಾಣೆಯ ಒಂದು ಹಿಂಬರಹ ಸಿಕ್ಕಿತು.

ವಕೀಲ ಗೆಳೆಯರೊಬ್ಬರು ಸುಮ್ನೆ ಬಿಡಲಿಲ್ಲ. ವಾಹನದೊಳಗಿನ ಸಾಮಾನು ಕದ್ದರೆ 305ನೇ ಕಲಂ ಇದೆ, ಏಳು ವರ್ಷದವರೆಗೆ ಜೈಲು ಅಂದರು. ಆದರೆ ಆ ವಾಹನ ಜನರನ್ನೋ ಸರಕನ್ನೋ ಸಾಗಿಸುವಂಥದ್ದಾಗಿರಬೇಕಂತೆ. "ನಿಮ್ಮ ಜೀಪು ಏನು ಸಾಗಿಸುತ್ತೆ?" ಭಾವ ಯೋಚಿಸಿ ಹೇಳಿದರು, "ಜೂನಿಂದ ಸೆಪ್ಟೆಂಬರ್‌ವರೆಗೆ ನೀರು."

ವಿಮೆಯ ಲೆಕ್ಕ ಇದಕ್ಕಿಂತ ಚಂದ. ಭಾವನ ಜೀಪಿನಂತೆ 1,500 ಸಿಸಿ ದಾಟಿದ ಗಾಡಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 2,000 ರೂಪಾಯಿ ನಮ್ಮ ತಲೆಗೇ. ನಾಬಿನ ಕ್ಲೇಮಿನಿಂದ ಲಾಭ ಆಗಬೇಕಾದರೆ ಕಳ್ಳ ಒಂದೇ ರಾತ್ರಿ ಮೂರು ನಾಬು ಕದಿಯಬೇಕು. ಫೋರ್ ವೀಲ್ ಜೀಪಿನಲ್ಲಿ ಇರುವುದೇ ಎರಡು, ಗೇರಿಗೊಂದು, ಫೋರ್ ವೀಲ್ ಹಾಕುವ ಕಡ್ಡಿಗೊಂದು. ಟಾಪಿಗೆ ಕ್ಲೇಮ್ ಮಾಡೋಣ ಅಂದರೆ, ಕ್ಲೇಮ್ ಮಾಡದೆ ಕೂಡಿಟ್ಟ ಬೋನಸ್ಸು ಸೊನ್ನೆಗೆ ಇಳಿಯುತ್ತದೆ. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದವರಿಗೆ ಅದು ಸ್ವಂತ ಗಾಡಿಯ ಹಾನಿಗೆ ಕಟ್ಟುವ ಕಂತಿನಲ್ಲಿ ಶೇಕಡಾ 50 ರಿಯಾಯಿತಿ. ನಮ್ಮಲ್ಲಿ ತಾಳ್ಮೆಗೆ ಇಷ್ಟು ಬೆಲೆ ಕೊಡುವವರು ಬೇರೆ ಯಾರೂ ಇಲ್ಲ.

ಹೀಗೆ ಎಲ್ಲರೂ ಕೈ ತೊಳೆದ ಮೇಲೆ ಉಳಿದದ್ದು ಉಪದೇಶ. ಅದಕ್ಕೆ ಮಲೆನಾಡಿನಲ್ಲಿ ಬರವೇ ಇಲ್ಲ. ಗ್ಯಾರೇಜಿನವರು ಹೇಳಿದರು, ಬಟ್ಟೆ ಟಾಪಿನ ಗಾಡಿಗೆ ಬಾಗಿಲು ಲಾಕ್ ಮಾಡಲೇಬಾರದು. ಲಾಕ್ ಇದ್ದರೆ ಕಳ್ಳ ಟಾಪು ಕುಯ್ಯುತ್ತಾನೆ, ಇಲ್ಲದಿದ್ದರೆ ಮರ್ಯಾದೆಯಿಂದ ಬಾಗಿಲು ತೆಗೆದು ಬರುತ್ತಾನೆ. ಕೇಳಲು ಹುಚ್ಚು, ಲೆಕ್ಕ ಮಾತ್ರ ಸರಿ. ಸ್ಕ್ರೂಗಳಿಗೆ ನಕ್ಷತ್ರದ ತಲೆಯವು ಹಾಕಿಸಿ ಎಂದರು ಇನ್ನೊಬ್ಬರು. ಅದನ್ನು ಬಿಚ್ಚುವ ಸೆಟ್ಟು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ, "ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ ಬಿಡಿ." ಸೀಟಿನ ಕೆಳಗೆ ಕಬ್ಬಿಣದ ಪೆಟ್ಟಿಗೆ ಬೋಲ್ಟ್ ಮಾಡಿಸಿ, ನಾಬಿಗೆ ಪಕ್ಕದಿಂದ ಒಂದು ಸಣ್ಣ ಸ್ಕ್ರೂ ಕೊಡಿಸಿ. ಇವೆರಡು ಮಾತ್ರ ಕೆಲಸಕ್ಕೆ ಬರುವ ಮಾತು. ಹಾಗಾಗಿ ಯಾರೂ ಒತ್ತಿ ಹೇಳಲಿಲ್ಲ, ಭಾವನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರಿಗೆ ಹಿಡಿಸಿದ್ದು ಒಂದೇ ಸೂತ್ರ. ಕದಿಯುವುದಕ್ಕೆ ಏನೂ ಇರಬಾರದು. ಅವತ್ತಿಂದ ಜೀಪು ನಿಲ್ಲಿಸಿದ ಕಡೆಯೆಲ್ಲ ಸ್ಟೀರಿಯೋದ ಮುಖ ಕಳಚುತ್ತಾರೆ. ಎರಡೂ ನಾಬು ತಿರುಗಿಸಿ ತೆಗೆಯುತ್ತಾರೆ. ಮ್ಯಾಟು ಸುತ್ತುತ್ತಾರೆ. ಚಾರ್ಜರು, ಕನ್ನಡಿಗೆ ಕಟ್ಟಿದ ಗಣಪತಿ, ಕೊನೆಗೆ ಗ್ಲೋವ್ ಬಾಕ್ಸಿನ ಕಾಗದಪತ್ರ, ಎಲ್ಲವೂ ಅಡಿಕೆ ಚೀಲಕ್ಕೆ. ಅಲ್ಲಿಗೆ ಕಳ್ಳ ಮಾಡುವ ಕೆಲಸವನ್ನೆಲ್ಲ ಭಾವನೇ ಮಾಡಿ ಮುಗಿಸುತ್ತಾರೆ, ಅದೂ ಹಗಲು ಹೊತ್ತಿನಲ್ಲಿ. ಒಮ್ಮೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ನಿಂತಾಗ ಚೀಲವನ್ನೇ ಮಂಗ ಎಳೆಯಿತು. ಮಂಗಕ್ಕೆ ಯಾವ ಕಲಂ ಎಂದು ವಕೀಲರಿಗೆ ಫೋನ್ ಮಾಡಿದ್ದರು. ಅವರು ಎತ್ತಲಿಲ್ಲ.

ಹೋದ ತಿಂಗಳು ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಜೀಪು ನಿಲ್ಲಿಸಿ ಎಂದಿನಂತೆ ಬಿಚ್ಚಲು ಶುರು ಮಾಡಿದರು. ಎರಡನೇ ನಾಬು ಕೈಗೆ ಬರುವಾಗ ಹಿಂದಿನಿಂದ ಯಾರೋ ಕಾಲರ್ ಹಿಡಿದರು.

"ಯಾರ ಗಾಡಿನೋ ಬಿಚ್ತಾ ಇದೀಯ?"

"ನಂದೇ ಮಾರಾಯ್ರೇ!"

"ನಿಂದಾದ್ರೆ ಯಾಕೆ ಬಿಚ್ತೀಯ?"

ಇದಕ್ಕೆ ಭಾವನ ಹತ್ತಿರ ಉತ್ತರ ಇತ್ತು, ಆದರೆ ಅದು ಉದ್ದ. ಎರಡು ನಿಮಿಷದಲ್ಲಿ ಮೂವತ್ತು ಜನ. ಟಾಪು ಕುಯ್ದ ರಾತ್ರಿ ಒಬ್ಬರಿಗೂ ಎಚ್ಚರ ಆಗಿರಲಿಲ್ಲ. ಬೀಟಿನ ಪೊಲೀಸರು ಕೂಡ ತಕ್ಷಣ ಬಂದರು. ಆರ್‌ಸಿ ಕೇಳಿದರು. ಅದನ್ನು ಕಳ್ಳರ ಭಯಕ್ಕೆ ಅಕ್ಕ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಕಾಗದ ಅಂತ ಚೀಲದಲ್ಲಿದ್ದದ್ದು ಹಳೇ ಹಿಂಬರಹ ಮಾತ್ರ. ಅದನ್ನೇ ತೋರಿಸಿದರು. ಪೊಲೀಸರು ಎರಡು ಸಲ ಓದಿ, ಭಾವನ ಮುಖ ನೋಡಿ ನಕ್ಕರು. "ಓಹೋ, ಆ ನಾಬಿನವರು ನೀವೇನಾ?"

ಜನ ಸುತ್ತ ನಿಂತೇ ಇದ್ದರು. ಭಾವ ಬಗ್ಗಿ ಎರಡೂ ನಾಬು ವಾಪಸ್ ಕೂರಿಸಿದರು, ಮ್ಯಾಟು ಹಾಸಿದರು, ಗಣಪತಿಯನ್ನು ಕಟ್ಟಿದರು. ಕಾಲರ್ ಹಿಡಿದಿದ್ದವರು ಈಗ ಟಾರ್ಚು ಹಿಡಿದುಕೊಂಡಿದ್ದರು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು ಪ್ರೀತಿಯಿಂದ ಹೇಳಿದರು.

"ಇಷ್ಟೆಲ್ಲ ಸಾಮಾನು ಒಳಗೆ ಬಿಟ್ಟು ಹೋಗ್ಬೇಡಿ ಸಾರ್, ಇಲ್ಲಿ ಕಳ್ರು ಜಾಸ್ತಿ."