ಹಿತ್ತಲಿಗೆ ಕರೆಂಟ್ ತಂತಿ: ಆ ಮೆಸೇಜ್ ನಂಬಬೇಡಿ

ಸಕಲೇಶಪುರ, ಮೂಡಿಗೆರೆ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಹಿತ್ತಲಿನ ಸುತ್ತ ತಂತಿ ಎಳೆದು ಮನೆಯ ಕರೆಂಟನ್ನೇ ಕೊಟ್ಟರೆ ಸಾಕು, ಸೋಲಾರ್ ಬೇಲಿಯೂ ಅದೇ ಕೆಲಸ ಮಾಡೋದು, ಕಾಡುಹಂದಿ ಸತ್ತರೂ ಕೇಸಿಲ್ಲ ಅಂತ. ಇದರಲ್ಲಿ ಒಂದು ಮಾತೂ ನಿಜವಲ್ಲ.

ಐಬೆಕ್ಸ್ ಅಂತಾರಲ್ಲ, ಆ ಸೋಲಾರ್ ಬೇಲಿಯಲ್ಲಿ ಕರೆಂಟ್ ಒಂದೇ ಸಮನೆ ಹರಿಯೋದಿಲ್ಲ. ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬಂದು ಹೋಗುತ್ತದೆ. ಮೂತಿಗೆ ಚುರುಕ್ ಅಂದ ಹಂದಿ ಹಿಂದೆ ಸರಿಯುತ್ತದೆ. ಮನೆ ಲೈನಿನ 230 ವೋಲ್ಟ್ ಹಾಗಲ್ಲ, ಬಿಡದೆ ಹರಿಯುತ್ತದೆ. ಹಿಡಿದ ಕೈ ಬಿಗಿಯಾಗಿ ತಂತಿ ಬಿಡೋಕೇ ಆಗಲ್ಲ. ಬೆಳಗ್ಗೆ ಸೊಪ್ಪು ಕೀಳಲು ಹೋಗೋದು ಮನೆಯವರೇ ಅಲ್ವಾ? ಮಳೆಗಾಲದ ಒದ್ದೆ ನೆಲದಲ್ಲಂತೂ ಅಪಾಯ ಇನ್ನೂ ಜಾಸ್ತಿ.

ಇನ್ನು ಕೇಸಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ, ಅಂದರೆ ಕಾನೂನಿನ ರಕ್ಷಣೆ ಇರುವ ಪ್ರಾಣಿ, ಹೀಗೆ ಕೊಂದರೆ ಕೇಸು ಆಗುತ್ತದೆ. ಆನೆ ಇನ್ನೂ ಹೆಚ್ಚಿನ ರಕ್ಷಣೆಯ ಒಂದನೇ ಪಟ್ಟಿಯಲ್ಲಿದೆ. ನೀವು ಹಂದಿಗೆ ಅಂತ ಕಟ್ಟಿದ ತಂತಿಗೆ ಆನೆ ಸಿಕ್ಕರೆ ಜೈಲೇ.

ಗೆಣಸು, ಕೆಸು ಉಳಿಯಬೇಕಂದ್ರೆ ಸೋಲಾರ್ ಬೇಲಿಯ ಕೆಳಗಿನ ಎಳೆ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಹಂದಿ ಮೂತಿ ತೂರಿಸೋದು ಅಲ್ಲೇ. ಹುಲ್ಲು ತಂತಿಗೆ ತಾಗಿದರೆ ಹೊಡೆತದ ಬಲ ಕುಗ್ಗುತ್ತದೆ, ಹಾಗಾಗಿ ಆಗಾಗ ಸವರುತ್ತಿರಿ. ಮಂಗನಿಗೆ ಮಾತ್ರ ಈ ಬೇಲಿ ಅಷ್ಟಾಗಿ ನಾಟುವುದಿಲ್ಲ, ಮರದಿಂದಲೇ ಜಿಗಿಯುತ್ತದೆ. ಅದಕ್ಕೆ ಪಾತಿಯ ಮೇಲೆ ಬಲೆ ಹೊದಿಸಬೇಕು.