ಥಡ್ಡಿಯಸ್ ಸ್ಟೀವನ್ಸ್ ಕೇಳಿದ ನಲವತ್ತು ಎಕರೆ

ಅಮೆರಿಕದ ಗುಲಾಮಗಿರಿ ಹೋದ ಕಥೆಗೆ ನಮ್ಮಲ್ಲಿ ಲಿಂಕನ್ ಒಬ್ಬನ ಹೆಸರು ಸಾಕು. ಆ ಕಾಲದವರಲ್ಲಿ ನನ್ನನ್ನು ಹೆಚ್ಚು ಕಾಡುವವನು ಮಾತ್ರ ಪೆನ್ಸಿಲ್ವೇನಿಯಾದ ವಕೀಲ, ಸಂಸದ ಥಡ್ಡಿಯಸ್ ಸ್ಟೀವನ್ಸ್. ಹುಟ್ಟಿನಿಂದಲೇ ಊನ ಕಾಲು, ತಲೆಗೆ ವಿಗ್, ಹರಿತವಾದ ನಾಲಗೆ, ಜೊತೆಗೆ ಜೂಜಿನ ಚಟ. ಪಟ ಕಟ್ಟಿಸಿ ಹೂವು ಮುಡಿಸುವ ಆಸಾಮಿಯಲ್ಲ.

ಹೊಗಳುವವರು 1821ರ ಒಂದು ಕೇಸನ್ನು ಮೆಲ್ಲಗೆ ದಾಟಿಬಿಡುತ್ತಾರೆ. ಮಾಲೀಕರು ಕರೆತಂದ ಗುಲಾಮರು ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿ ಉಳಿದರೆ ಬಿಡುಗಡೆ ಎಂಬ ಕಾನೂನಿತ್ತು. ಬಂದುಹೋದ ದಿನಗಳನ್ನೆಲ್ಲ ಕೂಡಿಸಿದರೆ ಆರು ತಿಂಗಳಾಗುತ್ತದೆ ಎಂದು ಚಾರಿಟಿ ಬಟ್ಲರ್ ಎಂಬ ಹೆಂಗಸು ಕೋರ್ಟಿಗೆ ಹೋದಳು. ಒಂದೇ ಸಮನೆ ಇದ್ದಿರಬೇಕು ಎಂದು ಮಾಲೀಕನ ಪರ ವಾದಿಸಿ ಗೆದ್ದವನು ಇದೇ ಸ್ಟೀವನ್ಸ್. ಆಕೆಯೂ ಮಕ್ಕಳೂ ಗುಲಾಮರಾಗಿಯೇ ಉಳಿದರು. ಇದನ್ನು ಮುಚ್ಚಿಟ್ಟು ಅವನನ್ನು ಮೆಚ್ಚುವುದು ನನಗೆ ಸರಿಕಾಣುವುದಿಲ್ಲ.

ಆಮೇಲೆ ಮನುಷ್ಯ ಪೂರ್ತಿ ತಿರುಗಿದ. 1835ರಲ್ಲಿ ಬಡವರ ಮಕ್ಕಳಿಗೂ ಸಿಗಬೇಕಾದ ಉಚಿತ ಶಾಲೆಯ ಕಾಯಿದೆಯನ್ನು ರದ್ದು ಮಾಡಲು ರಾಜ್ಯದ ಶಾಸನಸಭೆ ಹೊರಟಾಗ ಭಾಷಣ ಮಾಡಿ ಉಳಿಸಿದ. 1838ರ ರಾಜ್ಯ ಸಂವಿಧಾನ ಕರಿಯರ ಮತದ ಹಕ್ಕು ಕಿತ್ತುಕೊಂಡಿತು ಅಂತ ಅದಕ್ಕೆ ಸಹಿ ಹಾಕಲಿಲ್ಲ. ಈ ವರ್ಷ ನೆನಪಿರಲಿ. ಏಕೆಂದರೆ 1863ರಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಹೂಡಿದ ಅಂತರ್ಯುದ್ಧದಲ್ಲಿ, ಅವುಗಳ ಸೈನಿಕರು ಕ್ಯಾಲೆಡೋನಿಯಾದ ಅವನ ಕಬ್ಬಿಣದ ಕಾರ್ಖಾನೆ ಸುಟ್ಟರು, ಆ ಸಿಟ್ಟಿಗೇ ದಕ್ಷಿಣದವರ ಮೇಲೆ ಬಿದ್ದ ಎಂದು ಎಷ್ಟೋ ಕಾಲ ಬರೆಯುತ್ತಾ ಬಂದರು. ಸುಡುವುದಕ್ಕೆ 25 ವರ್ಷ ಮೊದಲೇ ಸೇಡು ತೀರಿಸಿಕೊಳ್ಳಲು ಹೊರಟಿದ್ದನೋ ಏನೋ!

ಅವನ ದೊಡ್ಡ ಕೆಲಸ ಯಾವುದು ಅಂದರೆ ಹೆಚ್ಚಿನವರು ಸಂವಿಧಾನದ ಎರಡು ತಿದ್ದುಪಡಿಗಳನ್ನು ಹೇಳುತ್ತಾರೆ: ಗುಲಾಮಗಿರಿ ರದ್ದು ಮಾಡಿದ 13ನೆಯದು, ಕರಿಯರನ್ನೂ ಪೌರರೆಂದು ಒಪ್ಪಿದ 14ನೆಯದು. ನಾನು ಹೇಳುವುದು ಅವನು ಸೋತದ್ದನ್ನು. ಯುದ್ಧ ಮುಗಿದ ಮೇಲೆ, 1865ರ ಸೆಪ್ಟೆಂಬರಿನಲ್ಲಿ, ತನ್ನೂರು ಲ್ಯಾಂಕಾಸ್ಟರ್‌ನಲ್ಲಿ ನಿಂತು ದಕ್ಷಿಣದ ದೊಡ್ಡ ಜಮೀನ್ದಾರರ ಭೂಮಿ ವಶಪಡಿಸಿಕೊಳ್ಳಿ, ಬಿಡುಗಡೆಯಾದ ಪ್ರತಿ ವಯಸ್ಕ ಗಂಡಸಿಗೆ 40 ಎಕರೆ ಕೊಡಿ, ಉಳಿದದ್ದನ್ನು ಮಾರಿ ಯುದ್ಧದ ಸಾಲ ತೀರಿಸಿ ಎಂದ. 1867ರಲ್ಲಿ ಮಸೂದೆಯನ್ನೂ ತಂದ. ಸ್ವಂತ ಪಕ್ಷದವರೇ ಬೆನ್ನು ತೋರಿಸಿದರು. ಅತ್ತ ಅಧ್ಯಕ್ಷ ಆಂಡ್ರೂ ಜಾನ್ಸನ್ ಸೋತ ದಕ್ಷಿಣದವರಿಗೆ ಕ್ಷಮಾದಾನ ಕೊಟ್ಟು, ಹೊಲಗಳನ್ನು ಹಳೇ ಧಣಿಗಳಿಗೇ ಮರಳಿಸುತ್ತಿದ್ದ.

ಹಟಮಾರಿಯಾದರೂ ರಾಜಿ ಗೊತ್ತಿಲ್ಲದವನಲ್ಲ. 1866ರಲ್ಲಿ, ಅರೆಬರೆಯಾದ 14ನೇ ತಿದ್ದುಪಡಿಗೆ ಯಾಕೆ ಒಪ್ಪಿದೆ ಎಂಬುದಕ್ಕೆ ತಾನು ಬದುಕಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ ಎಂದಿದ್ದ. ಭೂಮಿಯ ವಿಷಯದಲ್ಲಿ ಮಾತ್ರ ಆ ಮನುಷ್ಯರು ಅರ್ಧಕ್ಕೂ ಒಪ್ಪಲಿಲ್ಲ. 1868ರ ಆಗಸ್ಟಿನಲ್ಲಿ ಅವನು ತೀರಿಕೊಂಡ. ಬಿಡುಗಡೆಯಾದವರು ಅದೇ ಧಣಿಯ ಹೊಲದಲ್ಲಿ ಪಾಲಿಗೆ ದುಡಿದು, ಅವನದೇ ಅಂಗಡಿಯ ಸಾಲದಲ್ಲಿ ಸಿಕ್ಕಿಕೊಂಡರು. ಮತದ ಹಕ್ಕು ಸಿಕ್ಕಿದ್ದರೂ, ಸಾಲದಲ್ಲಿರುವವನು ಧಣಿಯ ವಿರುದ್ಧ ಮತ ಹಾಕುವುದು ಹೇಗೆ? 1877ರಲ್ಲಿ ದಕ್ಷಿಣದ ಕಾವಲಿಗಿದ್ದ ಸೈನ್ಯವೂ ಹಿಂದೆ ಸರಿದ ಮೇಲೆ ಆ ಮತವನ್ನೂ ಒಂದೊಂದಾಗಿ ಕಿತ್ತುಕೊಂಡರು. ಅದು ನಿಜವಾಗಿ ವಾಪಸ್ ಬಂದದ್ದು 1965ರ ಮತದಾನದ ಹಕ್ಕಿನ ಕಾಯಿದೆಯಿಂದ.

ಆಸ್ತಿ ಪವಿತ್ರ, ಸರ್ಕಾರ ಅದನ್ನು ಮುಟ್ಟಬಾರದು ಎಂಬುದು ಅಂದಿನ ವಿರೋಧಿಗಳ ವಾದ. ಆದರೆ 1862ರಲ್ಲಿ ಪಶ್ಚಿಮಕ್ಕೆ ಹೊರಟ ಕುಟುಂಬಗಳಿಗೆ 160 ಎಕರೆ ಹಂಚುವ ಕಾಯಿದೆ ಮಾಡಿದ್ದೂ ಅದೇ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು. ಆ ನೆಲ ಮೂಲನಿವಾಸಿಗಳಿಂದ ಕಿತ್ತದ್ದು. ರೈಲು ಕಂಪನಿಗಳಿಗೆ ಕೊಟ್ಟದ್ದಕ್ಕಂತೂ ಲೆಕ್ಕ ಕೋಟ್ಯಂತರ ಎಕರೆಗಳಲ್ಲಿ. ಪಾವಿತ್ರ್ಯದ ಮಾತು ಎದ್ದದ್ದು, ಆ ಹೊಲಗಳನ್ನು ತಲೆಮಾರುಗಳಿಂದ ಉತ್ತವರೇ ಕೈಚಾಚಿದಾಗ.